ಮೂರನೆಯ ಸಾಲಾದ ಮೇಲೆ

ಚರ್ಚಿನ ಆರ್ಗನ್ನಿನ ತಿದಿಗೆ ಹೊಸ ಚರ್ಮ ಹಾಕಿದ ದಿನ ಅಜ್ಜಿ ಮಧ್ಯಾಹ್ನದ ಊಟವನ್ನೇ ಮರೆತಳು. ಎಪ್ಪತ್ತೊಂಬತ್ತು ವರ್ಷದಲ್ಲಿ ಆಕೆ ಊಟ ಮರೆತದ್ದು ಅದೇ ಮೊದಲು ಎಂದು ಸೊಸೆ ಆಮೇಲೆ ಬೀದಿಗೆಲ್ಲ ಹೇಳಿಕೊಂಡು ಬಂದಳು. ರಿಪೇರಿಯವನು ಆರ್ಗನ್ನಿನ ಹಿಂದಿನ ಕೋಣೆಯಲ್ಲಿ ಮಂಡಿಯೂರಿ ಕೂತು, ಕುರಿಯ ಚರ್ಮದ ಪಟ್ಟಿಗಳಿಗೆ ಬಿಸಿ ಅಂಟು ಸವರಿ, ಮಡಿಕೆ ಮಡಿಕೆಗೂ ಎಳೆದು ಕೂರಿಸುತ್ತಿದ್ದ. ಅಜ್ಜಿ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಬೆಳಗಿನಿಂದ ಕದಲಿರಲಿಲ್ಲ.

"ಆ ಮೂಲೆ ಬಿಗಿ ಸಾಲದು," ಎಂದಳು.

"ನಂಗೊತ್ತು ಅಜ್ಜಿ."

"ಗೊತ್ತಿದ್ರೆ ಬಿಗಿ ಮಾಡಪ್ಪ. ಅದು ಮೊದಲು ಉಸಿರು ಬಿಡೋದೇ ಅಲ್ಲಿ."

ರಿಪೇರಿಯವನು ತಿರುಗಿ ನೋಡಿದ. ಎಷ್ಟೋ ಊರಿನ ಎಷ್ಟೋ ಆರ್ಗನ್ನು ಬಿಚ್ಚಿ ಜೋಡಿಸಿದ್ದ ಅವನಿಗೆ, ತಿದಿಯ ಯಾವ ಮೂಲೆ ಮೊದಲು ಸೋರುತ್ತದೆಂದು ಹೇಳುವ ಮುದುಕಿ ಇದುವರೆಗೆ ಸಿಕ್ಕಿರಲಿಲ್ಲ. "ಯಜಮಾನ್ರು ಹೇಳಿರ್ಬೇಕು," ಎಂದ.

"ಹೂಂ, ಅವರೇ," ಎಂದು ಅಜ್ಜಿ ಅಂಟಿನ ಡಬ್ಬಿಯತ್ತ ನೋಡುತ್ತ ಕೂತಳು.

ಅದು ಆ ಊರಿನ ಲೂಥರನ್ ಸಭೆಗೆ ನೂರ ಇಪ್ಪತ್ತೈದು ತುಂಬುತ್ತಿದ್ದ ವರ್ಷ. ಊರು ಚಿಕ್ಕದು, ಸಭೆ ಇನ್ನೂ ಚಿಕ್ಕದು. ಎಲ್ಲರೂ ಬಂದರೆ ಇನ್ನೂರು ಜನ, ಮಳೆ ಬಂದರೆ ಅರವತ್ತು. ಆದರೆ ಸಂಭ್ರಮಕ್ಕೆ ತಲೆ ಎಣಿಸುತ್ತಾರೆಯೇ? ಜುಬಿಲಿ ಭಾನುವಾರಕ್ಕೆ ಇನ್ನು ಆರು ವಾರ ಎನ್ನುವಾಗಲೇ ಗೋಡೆಗೆ ಸುಣ್ಣ, ಬೆಂಚಿಗೆ ಪಾಲಿಶು, ಗಂಟೆಗೆ ಹೊಸ ಹಗ್ಗ ಎಂದು ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದರು. ಎಲ್ಲಕ್ಕಿಂತ ದೊಡ್ಡ ಸುದ್ದಿ ಎಂದರೆ ಆರ್ಗನ್ನು. ಚರ್ಮ ಹರಿದು ಇಪ್ಪತ್ತೆಂಟು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದ ಅದಕ್ಕೆ ಈಗ ಹೊಸ ತಿದಿ, ಗಾಳಿ ತುಂಬಲು ಒಂದು ಮೋಟಾರು.

ಮೊದಲು ಮೋಟಾರು ಎಲ್ಲಿತ್ತು? ಅಜ್ಜಿಯ ಗಂಡನೇ ಮೋಟಾರು. ವಾದ್ಯದ ಹಿಂದೆ, ಹಲಗೆಯ ಗೋಡೆಯ ಆಚೆ, ಮಂಚದಷ್ಟು ಅಗಲದ ಎರಡು ತಿದಿಗಳಿದ್ದವು. ಒಂದರ ತೊಲೆಯ ಮೇಲೆ ನಿಂತು ಒತ್ತಿದರೆ ಆ ತಿದಿ ಗಾಳಿ ತುಂಬಿಕೊಂಡು ಏಳುತ್ತಿತ್ತು. ಅದು ಇಳಿದು ಮುಗಿಯುವಷ್ಟರಲ್ಲಿ ಇನ್ನೊಂದು ತೊಲೆಯ ಮೇಲೆ ಹತ್ತಿರಬೇಕು. ಒಂದು ಹೆಜ್ಜೆ ತಡವಾದರೆ ಆರ್ಗನ್ನು ನರಳಿ ಸುಮ್ಮನಾಗುತ್ತಿತ್ತು. ಅದನ್ನು ಮೂವತ್ತೆರಡು ವರ್ಷ ತುಳಿದವನನ್ನು ಊರು ಗಾಳಿಯಪ್ಪ ಎಂದು ಕರೆಯಿತು. ಮನೆಗೆ ಗಾಳಿಯವರ ಮನೆ ಎಂದೇ ಹೆಸರಾಯಿತು. ಅವನು ತೀರಿಕೊಂಡು ಇಪ್ಪತ್ತು ವರ್ಷವಾದರೂ ಅಂಚೆಯವನು ಹಾಗೆಯೇ ಕರೆಯುತ್ತಿದ್ದ.

ಮಗನಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ನೀರು ಸರಬರಾಜು ಕಚೇರಿಯಲ್ಲಿ ಹೆಡ್ ಕ್ಲಾರ್ಕು, ಮೇಲಾಗಿ ಸಭೆಯ ಕಾರ್ಯದರ್ಶಿ, ವಯಸ್ಸು ಐವತ್ತೆಂಟು. ಗಾಳಿ ಎನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಆದ್ದರಿಂದಲೇ ಸಭೆಯ ಚರಿತ್ರೆ ಬರೆಯುವ ಕೆಲಸವನ್ನು ಬೇರೆ ಯಾರೂ ಬಾಯಿ ತೆರೆಯುವ ಮೊದಲೇ ಅವನು ಕೈಗೆತ್ತಿಕೊಂಡಿದ್ದ. ಅದರಲ್ಲಿ ಒಂದು ಇಡೀ ಪುಟ, ಫೋಟೋ ಸಮೇತ, ಅಪ್ಪನಿಗೆ ಮೀಸಲು.

ಮನೆಯಲ್ಲಿ ಆಗ ಊಟಕ್ಕೆ ಮೇಜೇ ಇರಲಿಲ್ಲ. ಅರ್ಧ ಮೇಜಿನ ಮೇಲೆ ದೀಕ್ಷಾಸ್ನಾನದ, ಮದುವೆಯ, ಸಮಾಧಿಯ ರಿಜಿಸ್ಟರುಗಳು. ಇನ್ನರ್ಧದಲ್ಲಿ ಸೊಸೆಯ ಹೊಲಿಗೆ ಯಂತ್ರ. ಗಾಯನ ಮಂಡಳಿಯ ಇಪ್ಪತ್ತೆರಡು ನಿಲುವಂಗಿ ಹೊಲಿಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಉಳಿದ ಒಂದು ಗೇಣು ಅಂಚನ್ನು ಮೊಮ್ಮಗಳು ಆರ್ಗನ್ನಿನ ಮಣೆ ಎಂದುಕೊಂಡು ಹತ್ತು ಬೆರಳಿನಲ್ಲಿ ಕುಟ್ಟುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಆ ಹುಡುಗಿಯೇ ಜುಬಿಲಿಯ ದಿನ ನುಡಿಸುವವಳು. ಖುಷಿಗೆ ಅವಳಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

"ಕೇಳಿ, ಕೇಳಿ," ಎಂದು ಒಂದು ಸಂಜೆ ಮಗ ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದು ಕೈಯಲ್ಲಿ ಹಾಳೆ ಹಿಡಿದು ಎದ್ದು ನಿಂತ. "ನಲವತ್ತೇಳನೇ ಹಾಡಿನ ಅಧ್ಯಾಯ ಮುಗೀತು."

ನಲವತ್ತೇಳನೆಯ ಹಾಡು ಆ ಸಭೆಯ ಪ್ರಾಣ. ಪ್ರತಿ ಭಾನುವಾರ ಆರಾಧನೆ ಮುಗಿಯುವುದೇ ಅದರಿಂದ. ಅದರಲ್ಲೊಂದು ವಿಶೇಷ. ಮೂರನೆಯ ಸಾಲು ಮುಗಿದ ಕೂಡಲೇ ಇಡೀ ಸಭೆ ಗಪ್ಪನೆ ನಿಲ್ಲುತ್ತದೆ. ಮನಸ್ಸಿನಲ್ಲೇ ಐದು ಎಣಿಸುವಷ್ಟು ಹೊತ್ತು ಒಬ್ಬರೂ ತುಟಿ ಬಿಚ್ಚುವುದಿಲ್ಲ. ಆಮೇಲೆ ನಾಲ್ಕನೆಯ ಸಾಲು. ಬೇರೆ ಊರಿನವರು ಬಂದರೆ ಅಲ್ಲಿ ಒಬ್ಬರೇ ಹಾಡಿಕೊಂಡು ಮುಂದೆ ಹೋಗಿ, ಕೆಂಪಗಾಗಿ, ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಆ ಮುಖ ನೋಡುವುದು ಸಭೆಯ ಮಕ್ಕಳಿಗೆಲ್ಲ ವಾರದ ಮಜಾ.

ಮಗ ಗಂಟಲು ಸರಿ ಮಾಡಿಕೊಂಡು ಓದಿದ: "'ಮೊದಲ ವರ್ಷವೇ ಜ್ವರ ಬಂದು ಏಳು ಕುಟುಂಬಗಳಲ್ಲಿ ಹದಿನೊಂದು ಮಂದಿ ತೀರಿಕೊಂಡರು. ಉಳಿದವರು ಸಮಾಧಿಗಳ ನಡುವೆ ನಿಂತು ಈ ಹಾಡು ಹಾಡುವಾಗ ಮೂರನೆಯ ಸಾಲಿಗೆ ದುಃಖ ಉಮ್ಮಳಿಸಿ ಕಂಠ ಕಟ್ಟಿತು. ಆ ಪವಿತ್ರ ಮೌನವನ್ನು ನಮ್ಮ ಸಭೆ ಇಂದಿಗೂ—'"

"ಅಪ್ಪಾ, ಇದಕ್ಕೆ ಪುರಾವೆ ಏನು?" ಎಂದಳು ಮೊಮ್ಮಗಳು.

"ಪುರಾವೆ ಏನೇ? ಎಲ್ಲರಿಗೂ ಗೊತ್ತಿರೋದು!"

"ಎಲ್ಲರಿಗೂ ಅಂದ್ರೆ ಯಾರಿಗೆ? ನೋಟೇಶನ್ನಲ್ಲಿ ಅಲ್ಲಿ ನಿಲ್ಲೋ ಗುರುತೇ ಇಲ್ಲ. ಮೂರನೇ ಸಾಲು ಏರ್ತಾ ಏರ್ತಾ ಹೋಗಿ ನಾಲ್ಕನೇದಕ್ಕೆ ಹಾರ್ಬೇಕು. ನಾವು ಹಾರೋ ಹೊತ್ತಿಗೆ ಕೂತ್ಬಿಡ್ತೀವಿ. ಜುಬಿಲಿ ದಿನ ನಾನು ನಿಲ್ಲಿಸಲ್ಲ. ಒಂದೇ ಉಸಿರಲ್ಲಿ ನುಡಿಸ್ತೀನಿ."

"ನುಡಿಸು ನೋಡೋಣ! ಆವತ್ತು ಆರ್ಗನ್ ಮುಂದೆ ನೀನಿರಲ್ಲ, ಬೇರೆಯವರಿರ್ತಾರೆ!"

"ಆಲೂಗಡ್ಡೆ ಆರ್ತಿದೆ," ಎಂದಳು ಸೊಸೆ ಸೂಜಿಗೆ ದಾರ ಪೋಣಿಸುತ್ತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಅತ್ತೆ, ನೀವಾದ್ರೂ ಹೇಳಿ. ಇಷ್ಟು ವರ್ಷ ಹಾಡಿದ್ದೀರಲ್ಲ, ಯಾಕೆ ನಿಲ್ತಿದ್ರಿ?"

ಅಜ್ಜಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು. "ಎಲ್ಲರೂ ನಿಲ್ತಿದ್ರು, ನಾನೂ ನಿಲ್ತಿದ್ದೆ," ಎಂದಳು. ಸುಳ್ಳು. ಆ ನಿಲುಗಡೆ ಯಾಕೆ ಬಂತು ಎಂಬುದು ಈ ಭೂಮಿಯ ಮೇಲೆ ಈಗ ಗೊತ್ತಿದ್ದದ್ದು ಆಕೆ ಒಬ್ಬಳಿಗೇ.

ಕಥೆ ಐವತ್ತೆಂಟು ವರ್ಷ ಹಿಂದಿನದು. ಅವಳಿಗೆ ಆಗ ಇಪ್ಪತ್ತೊಂದು, ಹೊಟ್ಟೆಯಲ್ಲಿ ಮೊದಲ ಮಗು, ನಾಲ್ಕನೆಯ ತಿಂಗಳು. ಗಂಡ ವಾರವೆಲ್ಲ ದೂರದ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು ಶನಿವಾರ ಸಂಜೆ ಬರುತ್ತಿದ್ದ. ಭಾನುವಾರ ತಿದಿ ತುಳಿದು ಮಧ್ಯಾಹ್ನದ ಗಾಡಿಗೆ ಹೊರಟುಬಿಡುತ್ತಿದ್ದ. ತುಳಿಯುವುದಕ್ಕೆ ಪ್ರತಿಯಾಗಿ ಸಭೆ ಕೊಟ್ಟಿದ್ದು ಚರ್ಚಿನ ಹಿಂದಿನ ಎರಡು ಕೋಣೆಯ ಮನೆ. ಒಂದು ದಿನ ಮಿಲ್ಲಿನಲ್ಲಿ ದಿಮ್ಮಿ ಉರುಳಿ ಅವನ ಪಾದದ ಮೇಲೆ ಬಿತ್ತು. ಅಲ್ಲೇ ಕೂಲಿಗಳ ಬಿಡಾರದಲ್ಲಿ ಕಟ್ಟು ಕಟ್ಟಿಸಿಕೊಂಡು ಮಲಗಿದವನು ನಾಲ್ಕು ತಿಂಗಳು ಏಳಲಿಲ್ಲ. ತಿದಿಗೆ ಬೇರೆಯವರು ಬಂದರೆ ಮನೆಯೂ ಅವರದೇ. ಒಂಟಿ ಬಸುರಿ ಎಲ್ಲಿಗೆ ಹೋಗಬೇಕು?

ಅವಳು ಗಂಡನ ಉದ್ದ ಕೋಟು ಹಾಕಿಕೊಂಡು ಹಿಂಬಾಗಿಲಿನಿಂದ ತಿದಿ ಕೋಣೆಗೆ ನುಗ್ಗಿದಳು. ಹೆಂಗಸರು ಕಾಲಿಡಬಾರದ ಕೋಣೆ ಅದು. ಹಲಗೆಯ ಆಚೆ ತುಳಿಯುತ್ತಿರುವವರು ಯಾರೆಂದು ಯಾರು ಇಣುಕಿ ನೋಡುತ್ತಾರೆ? ಆರ್ಗನ್ನು ಹಾಡಿತು, ಗಾಳಿಯಪ್ಪ ಬಂದಿದ್ದಾನೆ ಎಂದುಕೊಂಡರು. ಬೆಂಚಿನಲ್ಲಿ ಅವಳಿಲ್ಲದ್ದಕ್ಕೆ, ಬಸುರಿ, ವಾಂತಿಯಿರಬೇಕು ಎಂದುಕೊಂಡರು. ಹದಿನೇಳು ಭಾನುವಾರ ಹಾಗೇ ನಡೆಯಿತು.

ಆರು ತಿಂಗಳು ತುಂಬಿದ ಮೇಲೆ ಮೈ ಭಾರವಾಯಿತು. ನಲವತ್ತೇಳನೆಯ ಹಾಡಿನ ಮೂರನೆಯ ಸಾಲಿಗೆ ಎಲ್ಲ ಕೊಳವೆಗಳೂ ಒಟ್ಟಿಗೆ ಬಾಯಿ ತೆರೆದು ಗಾಳಿಯನ್ನೆಲ್ಲ ನುಂಗಿಬಿಡುತ್ತಿದ್ದವು. ಒಂದು ಭಾನುವಾರ ಅವಳಿಗೆ ಈ ತೊಲೆಯಿಂದ ಆ ತೊಲೆಗೆ ಹತ್ತಲಾಗಲಿಲ್ಲ. ಆರ್ಗನ್ನು ನರಳಿ ನಿಂತಿತು. ನುಡಿಸುತ್ತಿದ್ದವರು ಕಡ್ಡಿ ಮೇಷ್ಟ್ರು. ಹೆಸರಿಗೆ ತಕ್ಕ ಮೈ, ಅದಕ್ಕೆ ತಕ್ಕ ಸ್ವಭಾವ. ಅರ್ಧ ಮಾತ್ರೆ ತಡವಾಗಿ ಹಾಡಿದವನನ್ನು ಮುಂದಿನ ವಾರದವರೆಗೆ ದುರುಗುಟ್ಟುತ್ತಿದ್ದ ಮನುಷ್ಯ. ಆರಾಧನೆ ಮುಗಿದ ಕೂಡಲೇ ಹಲಗೆ ಸರಿಸಿ ಒಳಗೆ ಬಂದರು. ಕೋಟು, ಹೊಟ್ಟೆ, ಬೆವರು ಎಲ್ಲ ನೋಡಿದರು. ಅವಳಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಎಷ್ಟು ತಿಂಗಳು?" ಎಂದು ಕೇಳಿದರು.

"ಆರು ತುಂಬಿತು."

ಮೇಷ್ಟ್ರು ಹಲಗೆ ಮುಚ್ಚಿಕೊಂಡು ಹೊರಟುಹೋದರು. ಮುಂದಿನ ಭಾನುವಾರ ಮೂರನೆಯ ಸಾಲು ಮುಗಿದ ಕೂಡಲೇ ತಾವೇ ಕೈ ಎತ್ತಿ ನಿಂತರು. ಅವಳು ನಿಧಾನವಾಗಿ ಇಳಿದು, ದಾಟಿ, ಹತ್ತಿ, ಒಂದು ಉಸಿರು ಎಳೆದುಕೊಳ್ಳುವವರೆಗೆ ಇಡೀ ಸಭೆ ಕಾಯಿತು. ಗಂಡ ಕುಂಟುತ್ತ ಬಂದು ತೊಲೆ ಹತ್ತಿದ, ಮಗು ಹುಟ್ಟಿತು, ಆದರೆ ಅಷ್ಟರಲ್ಲಿ ಸಭೆಯ ಗಂಟಲಿಗೆ ಆ ನಿಲುಗಡೆ ಅಂಟಿಕೊಂಡಿತ್ತು. ಮೇಷ್ಟ್ರು ಅದನ್ನು ಬಿಡಿಸಲಿಲ್ಲ, ಸಾಯುವವರೆಗೂ ಯಾರಿಗೂ ಹೇಳಲೂ ಇಲ್ಲ.

ಈಗ ಅಜ್ಜಿ ಹೇಳಿಬಿಡಬಹುದಿತ್ತು. ಆದರೆ ಊಟದ ಕೋಣೆಯ ಗೋಡೆಯ ಮೇಲೆ ಒಂದು ಗಡಿಯಾರವಿತ್ತು. ಗಂಡನಿಗೆ ಸಭೆ ಕೊಟ್ಟದ್ದು. ಕೆಳಗೆ ಹಿತ್ತಾಳೆಯ ತಗಡಿನಲ್ಲಿ 'ಮೂವತ್ತೆರಡು ವರ್ಷ, ಒಂದು ಭಾನುವಾರವೂ ತಪ್ಪದ ಸೇವೆಗೆ' ಎಂದು ಕೊರೆದಿತ್ತು. ಮಗ ಬರೆದ ಅಪ್ಪನ ಪುಟವೂ ಅದೇ ಮಾತಿನಿಂದ ಶುರುವಾಗುತ್ತಿತ್ತು. ಬಾಯಿ ಬಿಟ್ಟರೆ ಸತ್ತವನ ಮರ್ಯಾದೆ ಹೋಗುತ್ತದೆ. ಬಿಡದಿದ್ದರೆ ಅಚ್ಚಿನಲ್ಲಿ ಸುಳ್ಳು ಕೂರುತ್ತದೆ, ಅದೂ ದೇವರ ಮನೆಯ ಪುಸ್ತಕದಲ್ಲಿ. ಆ ಸಂಜೆ ಅಜ್ಜಿ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ತಿಂದಳು.

ಎರಡು ವಾರ ಕಳೆಯಿತು. ಆರ್ಗನ್ನು ಬಾಯಿ ಬಿಟ್ಟಿತು. ಮೊದಲ ಸ್ವರ ಕೇಳಿದ ದಿನ ಬೀದಿಯ ಹೆಂಗಸರು ಕೈಯಲ್ಲಿ ಸೌಟು ಹಿಡಿದುಕೊಂಡೇ ಚರ್ಚಿಗೆ ಓಡಿದರು. ಸೊಸೆ ಹನ್ನೆರಡನೆಯ ನಿಲುವಂಗಿಗೆ ಎರಡೂ ಎಡತೋಳು ಹೊಲಿದು ಬಿಚ್ಚಿ ಮತ್ತೆ ಹೊಲಿದಳು. ಯಾರ ಬಾಯಲ್ಲಿ ನೋಡಿದರೂ ಜುಬಿಲಿ, ಜುಬಿಲಿ. ಗಾಳಿಯವರ ಮನೆಯಲ್ಲಿ ಮಾತ್ರ ಅಪ್ಪ ಮಗಳ ನಡುವೆ ಮುಸುಕಿನ ಗುದ್ದಾಟ.

ಆ ಗುದ್ದಾಟ ಮುಸುಕು ಕಿತ್ತುಕೊಂಡು ಹೊರಗೆ ಬಂದದ್ದು ಒಂದು ಗುರುವಾರ. ಮೊಮ್ಮಗಳು ಕನ್ನಡಕದ ಅಂಗಡಿಯಿಂದ ನೇರ ಚರ್ಚಿಗೆ ಹೋಗಿ, ಅಲ್ಲಿಂದ ಓಡಿಕೊಂಡೇ ಮನೆಗೆ ಬಂದಳು. ಕೈಯಲ್ಲೊಂದು ಹಳೆಯ ರಾಗದ ಪುಸ್ತಕ.

"ಅಮ್ಮಾ! ಅಜ್ಜೀ! ಆರ್ಗನ್ ಬೆಂಚಿನ ಒಳಗಿತ್ತು ಇದು! ಕಡ್ಡಿ ಮೇಷ್ಟ್ರದ್ದು!" ಪುಟ ತೆರೆದು ಅಪ್ಪನ ಮೂಗಿನ ಕೆಳಗೆ ಹಿಡಿದಳು. "ನಲವತ್ತೇಳು. ಮೂರನೇ ಸಾಲು. ಓದು."

ಪೆನ್ಸಿಲಿನಲ್ಲಿ ನೇರ ಅಕ್ಷರದಲ್ಲಿ ಬರೆದಿತ್ತು: 'ಇಲ್ಲಿ ಕಾಯುವುದು.' ಪಕ್ಕದಲ್ಲಿ ತಾರೀಖು, ತಿಂಗಳು, ವರ್ಷ.

"ನೋಡು ಯಾವ ವರ್ಷ ಅಂತ. ನೀನು ಹುಟ್ಟಿದ ವರ್ಷ ಅಪ್ಪಾ! ನೂರ ಇಪ್ಪತ್ತೈದು ವರ್ಷದ ಹಿಂದಿನ ಜ್ವರಕ್ಕೂ ಇದಕ್ಕೂ ಏನು ಸಂಬಂಧ?"

"ಮೊದಲಿಂದ ಇದ್ದದ್ದನ್ನ ಮೇಷ್ಟ್ರು ಆವಾಗ ಬರ್ಕೊಂಡಿರ್ತಾರೆ!"

"ಹಾಗಿದ್ರೆ ತಾರೀಖು ಯಾಕೆ ಹಾಕ್ಬೇಕು? ಏನೋ ಕಾರಣಕ್ಕೆ ಆವತ್ತು ಶುರು ಮಾಡಿದ್ದು. ನೀನು ಎರಡು ಪುಟ ಕಥೆ ಕಟ್ಟಿದ್ದೀಯ."

"ಕಥೆ? ನಾನು ಕಥೆ ಕಟ್ಟೋನು?" ಮಗ ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದ. ಮೀನಿನ ಮುಳ್ಳು ರಿಜಿಸ್ಟರಿನ ಮೇಲೆ ಬಿತ್ತು. "ಇಪ್ಪತ್ನಾಲ್ಕು ವರ್ಷದ ಹುಡುಗಿ ನಂಗೆ ಚರಿತ್ರೆ ಕಲಿಸ್ತಾಳೆ! ನಾಳೆ ನಿಮ್ಮಜ್ಜ ತಿದಿ ತುಳಿದಿದ್ದಕ್ಕೂ ಪುರಾವೆ ಕೇಳು!"

ಅಜ್ಜಿಗೆ ಅನ್ನ ನೆತ್ತಿಗೆ ಹತ್ತಿತು. ಸೊಸೆ ಎದ್ದು ನೀರು ಕೊಟ್ಟಳು.

ಅಂದಿನಿಂದ ಅಪ್ಪ ಮಗಳಿಗೆ ಮಾತಿಲ್ಲ. ನಡುವೆ ಸೊಸೆಯೇ ಅಂಚೆ. "ಅಪ್ಪಂಗೆ ಹೇಳು, ನಾಳೆ ಅಭ್ಯಾಸಕ್ಕೆ ಚರ್ಚಿನ ಬೀಗದ ಕೈ ಬೇಕು ಅಂತ." "ನಿನ್ನ ಮಗಳಿಗೆ ಹೇಳು, ಬೀಗದ ಕೈ ಮೊಳೆಗೆ ತಗಲಿಹಾಕಿದೆ ಅಂತ." ಇಬ್ಬರೂ ಇರುವುದು ಮೂರು ಹೆಜ್ಜೆ ದೂರದಲ್ಲಿ. ಸೊಸೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇಬ್ಬರಿಗೂ ತಲುಪಿಸುತ್ತಿದ್ದಳು.

ಒಂದು ಮಧ್ಯಾಹ್ನ ಮನೆಯಲ್ಲಿ ಅವರಿಬ್ಬರೇ ಇದ್ದಾಗ, ನಿಲುವಂಗಿಗಳ ಅಂಚು ಮಡಿಸುತ್ತ ಸೊಸೆ ಕೇಳಿದಳು: "ಅತ್ತೆ, ಒಂದು ಮಾತು. ನೀವು ಏನೋ ಹೊಟ್ಟೇಲಿ ಇಟ್ಕೊಂಡಿದ್ದೀರ."

"ನಂದೇನಿರತ್ತೆ."

"ಮೂರು ದಿನದಿಂದ ಚಹಾಕ್ಕೆ ಸಕ್ಕರೆ ಹಾಕ್ಕೊಳ್ಳದೆ ಕುಡೀತಿದ್ದೀರಿ. ನಿಮಗೆ ಗೊತ್ತೇ ಆಗಿಲ್ಲ." ಸೊಸೆ ದಾರವನ್ನು ಹಲ್ಲಿನಲ್ಲಿ ಕತ್ತರಿಸಿದಳು. "ಶನಿವಾರ ಪ್ರೆಸ್ಸಿನಿಂದ ಪ್ರೂಫು ಬರತ್ತೆ. ಸೋಮವಾರ ವಾಪಸ್ ಕೊಡ್ಬೇಕು. ಆಮೇಲೆ ಏನು ಹೇಳಿದ್ರೂ ಅಚ್ಚಾಗಿದ್ದು ಅಚ್ಚಾಯ್ತು."

ಅಜ್ಜಿ ನಾಲ್ಕು ನಿಲುವಂಗಿಗೆ ಗುಂಡಿ ಹಚ್ಚಿದಳು.

ಶನಿವಾರ ಪ್ರೂಫು ಬಂತು. ಮಗನ ಮುಖ ಅರಳಿದ್ದು ಎಷ್ಟೋ ದಿನದ ಮೇಲೆ. ಊಟದ ಹೊತ್ತಿಗೆ ಅವನು ಅಪ್ಪನ ಪುಟವನ್ನು ಎತ್ತಿ ಹಿಡಿದ. ಅಚ್ಚಿನ ಶಾಯಿಯ ವಾಸನೆ, ಕೋಟು ತೊಟ್ಟ ಗಂಡನ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ 'ಒಂದು ಭಾನುವಾರವೂ ತಪ್ಪದೆ'.

"ನೋಡಮ್ಮ! ಇನ್ನು ಮೇಲೆ ಗಾಳಿಯಪ್ಪ ಅನ್ನೋರೆಲ್ಲ ಇದನ್ನ ಓದ್ಲಿ!"

ಐವತ್ತೆಂಟರ ಆ ಮುಖದಲ್ಲಿ ಬಹುಮಾನ ಗೆದ್ದ ಸಂತೋಷವಿತ್ತು. ಅಜ್ಜಿ ಅದನ್ನು ಒಂದು ಸಲ ಕಣ್ತುಂಬ ನೋಡಿದಳು. ಆದರೂ ಹೇಳಿದಳು.

"ತಪ್ಪಿದೆ ಕಣೋ. ಹದಿನೇಳು ತಪ್ಪಿದೆ."

"ಏನು?"

"ಹದಿನೇಳು ಭಾನುವಾರ. ನಿಮ್ಮಪ್ಪ ಮಿಲ್ಲಲ್ಲಿ ಕಾಲು ಮುರ್ಕೊಂಡು ಮಲಗಿದ್ರು. ತುಳಿದೋಳು ನಾನು. ಆ ನಿಲುಗಡೆ ಜ್ವರದ್ದೂ ಅಲ್ಲ, ಸಮಾಧೀದೂ ಅಲ್ಲ. ನಿಂದು."

"ನಂದಾ?"

"ನೀನು ಹೊಟ್ಟೇಲಿದ್ದೆ. ನಂಗೆ ಆ ಕಡೆಯಿಂದ ಈ ಕಡೆಗೆ ಹತ್ತೋಕೆ ಆಗ್ತಿರ್ಲಿಲ್ಲ. ಮೇಷ್ಟ್ರು ನೋಡಿದ್ರು, ಕಾದ್ರು."

ಮೊಮ್ಮಗಳ ಬಾಯಿ ತೆರೆದದ್ದು ತೆರೆದೇ ಇತ್ತು. ಅಜ್ಜಿ ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ಕೋಟು, ಹಿಂಬಾಗಿಲು, ಎರಡು ಕೋಣೆಯ ಮನೆ, 'ಎಷ್ಟು ತಿಂಗಳು' ಎಂದದ್ದು, ಎಲ್ಲವನ್ನೂ ಹೇಳಿದಳು. ಅರ್ಧದಲ್ಲಿ ಸೊಸೆ ಅಳತೊಡಗಿದಳು, ಅಳುತ್ತಲೇ ನಗತೊಡಗಿದಳು.

"ಸುಳ್ಳು," ಎಂದ ಮಗ. "ಅಪ್ಪ ಹಾಗೆ ಮುಚ್ಚಿಡೋರಲ್ಲ."

"ಮುಚ್ಚಿಟ್ಟೋಳು ನಾನು. ಅವರು ಹೇಳ್ಬೇಕು ಅಂತ ಎರಡು ಸಲ ಪಾದ್ರಿಗಳ ಮನೆಗೆ ಹೊರಟಿದ್ರು. ಬಾಗಿಲಿಗೆ ಅಡ್ಡ ನಿಂತೆ, ಮಗು ಎತ್ಕೊಂಡು. ಆ ಗಡಿಯಾರ ಕೊಟ್ಟ ದಿನ ಅವರು ಊಟ ಮಾಡ್ಲಿಲ್ಲ. ಅದನ್ನ ಗೋಡೆಗೆ ಹಾಕಿದ್ದೂ ನಾನೇ."

"ಪುರಾವೆ?" ಎಂದ ಮಗ. ಕೇಳಿದ ಮೇಲೆ ಆ ಮಾತು ಯಾರದ್ದೆಂದು ಅವನಿಗೇ ಹೊಳೆಯಿತು. ಮಗಳ ಕಡೆ ನೋಡಲಿಲ್ಲ.

"ಭೋಜನದ ರಿಜಿಸ್ಟರ್ ನೋಡ್ಕೋ ಹೋಗು," ಎಂದಳು ಅಜ್ಜಿ.

ಆ ಸಭೆಯಲ್ಲಿ ಕರ್ತನ ಭೋಜನ ತೆಗೆದುಕೊಳ್ಳುವವರು ಮುಂಚಿನ ದಿನವೇ ಪಾದ್ರಿಗಳ ಬಳಿ ಹೋಗಿ ಹೆಸರು ಬರೆಸಬೇಕು. ಮನಸ್ಸಿನಲ್ಲಿ ಏನಾದರೂ ಇದ್ದರೆ ಹೇಳಿಕೊಳ್ಳಲು ಅದೇ ಹೊತ್ತು. ಮೊದಲಿನಿಂದ ಬಂದ ಕ್ರಮ. ಮಗ ಉಂಡ ಕೈಯನ್ನೂ ತೊಳೆಯದೆ ಚಪ್ಪಲಿ ಮೆಟ್ಟಿ ಚರ್ಚಿಗೆ ಹೊರಟ. ಒಂದು ಗಂಟೆ ಬಿಟ್ಟು ಬಂದಾಗ ತೋಳಿಗೆಲ್ಲ ಧೂಳು ಮೆತ್ತಿತ್ತು. ಕುರ್ಚಿಯ ಮೇಲೆ ಕುಸಿದ.

"ಆ ನಾಲ್ಕು ತಿಂಗಳಲ್ಲಿ ಎರಡು ಸಲ ಭೋಜನ ಆಗಿದೆ. ಎರಡು ಸಲಾನೂ ಅಪ್ಪನ ಹೆಸರಿಲ್ಲ. ನಿನ್ನ ಹೆಸರೂ ಇಲ್ಲ."

"ಅಷ್ಟು ದೊಡ್ಡ ಸುಳ್ಳು ಇಟ್ಕೊಂಡು ದೇವರ ಮುಂದೆ ಹೆಸರು ಕೊಡೋಕೆ ನಂಗೆ ಧೈರ್ಯ ಬರ್ಲಿಲ್ಲ," ಎಂದಳು ಅಜ್ಜಿ.

ಮಗ ಪ್ರೂಫಿನ ಹಾಳೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. "ಅಪ್ಪನ ಬಗ್ಗೆ ನಾಲ್ಕು ಜನರ ಮುಂದೆ ಹೇಳ್ಕೊಳ್ಳೋಕೆ ಇದ್ದದ್ದು ಇದೊಂದೇ ಅಮ್ಮ," ಎಂದ. ಅಜ್ಜಿ ಎದ್ದು ಬಂದು ಅವನ ತೋಳಿನ ಧೂಳು ಕೊಡವಿದಳು.

ಭಾನುವಾರದಿಂದ ಮನೆಯ ಜಗಳ ತಲೆಕೆಳಗಾಯಿತು.

"ನಿಲುಗಡೆ ತೆಗೆದುಬಿಡು," ಎಂದ ಮಗ, ಮಗಳ ಕಡೆ ನೇರ ನೋಡಿ. "ನೋಟೇಶನ್ನಲ್ಲಿ ಇದ್ದ ಹಾಗೆ ನುಡಿಸು. ಕಾರಣಾನೇ ಸುಳ್ಳಾದ ಮೇಲೆ ಯಾಕೆ ನಿಲ್ಬೇಕು?"

"ಈಗ ತೆಗೀತೀನಾ? ತಲೆ ಕೆಟ್ಟಿದೆಯಾ ಅಪ್ಪಾ? ಆಕಾಶ ಭೂಮಿ ಒಂದಾದ್ರೂ ನಾನು ಅಲ್ಲಿ ನಿಲ್ಲಿಸ್ತೀನಿ!"

"ಹಾರ್ಬೇಕು ಅಂತಿದ್ದೆ?"

"ಅಜ್ಜಿ ಏಳು ತಿಂಗಳ ಬಸುರೀಲಿ ಹಾರಿದಾಳೆ, ಸಾಕು!"

ಸೊಸೆ ಯಂತ್ರ ನಿಲ್ಲಿಸಿದಳು. "ಹೋದ ವಾರ ನೀವು ಈ ಕಡೆ, ಅವಳು ಆ ಕಡೆ. ಈ ವಾರ ಅವಳು ಈ ಕಡೆ, ನೀವು ಆ ಕಡೆ. ಇನ್ನೊಂದು ವಾರಕ್ಕೆ ನಂಗೆ ತಲೆ ತಿರುಗಿ ಬೀಳತ್ತೆ. ಮಾತಾಡ್ತಿದ್ದೀರಲ್ಲ ಇಬ್ರೂ, ನನ್ನ ಅಂಚೆ ಕೆಲಸ ತಪ್ಪಿತು." ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ. ಮಗ ಮುಖ ಗಂಟಿಕ್ಕಿಕೊಂಡೇ ಇನ್ನೊಂದು ಮೊಟ್ಟೆ ಬಡಿಸಿಕೊಂಡ.

ಸೋಮವಾರ ಬೆಳಗ್ಗೆ ಅವನು ಪ್ರೂಫನ್ನು ಚೀಲದಲ್ಲಿ ಹಾಕಿಕೊಂಡು ಕಚೇರಿಗೆ ಹೊರಟಾಗ ಅಜ್ಜಿ ಬಾಗಿಲವರೆಗೆ ಬಂದಳು.

"ಏನು ಮಾಡ್ದೆ ಅದನ್ನ?"

"ಮಾಡ್ದೆ."

"ಅಪ್ಪನ ಹೆಸರು ತೆಗೆದ್ಯಾ?"

"ಅಮ್ಮ, ನಂಗೆ ಬಸ್ಸು ತಪ್ಪತ್ತೆ," ಎಂದು ಅವನು ಹೋಗಿಯೇಬಿಟ್ಟ.

ಮುಂದಿನ ಮೂರು ವಾರ ಅಜ್ಜಿಗೆ ಆ ಚಿಂತೆಯೇ. ಮಗ ಬಾಯಿ ಬಿಡಲಿಲ್ಲ. ಪ್ರೆಸ್ಸಿನವನು ಪುಸ್ತಕಗಳನ್ನು ನೇರವಾಗಿ ಪಾದ್ರಿಗಳ ಮನೆಗೆ ತಲುಪಿಸಿದ. ಜುಬಿಲಿಯ ದಿನವೇ ಕಟ್ಟು ಬಿಚ್ಚುವುದೆಂದು ತೀರ್ಮಾನ. ಸತ್ತ ಗಂಡನ ಹೆಸರಿಗೆ ಮಸಿ ಬಳಿದವಳು ತಾನೇ ಎಂದು ಅಜ್ಜಿ ಎರಡು ಸಲ ಅತ್ತಳು. ಮರುಕ್ಷಣ ಚರ್ಚಿನ ಕಡೆಯಿಂದ ಮೊಮ್ಮಗಳ ಅಭ್ಯಾಸ ಕೇಳಿಬಂದರೆ ಒಲೆಯ ಮುಂದೆಯೇ ತಾಳ ಹಾಕಿದಳು. ಹಾಲು ಉಕ್ಕಿದ್ದು ಒಂದೇ ಸಲವಲ್ಲ.

ಜುಬಿಲಿ ಭಾನುವಾರ ಬಂತು. ಇನ್ನೂರು ಜನ ಹಿಡಿಸುವ ಚರ್ಚಿಗೆ ನಾನೂರು ಜನ. ಕಿಟಕಿಗಳಲ್ಲೂ ತಲೆಗಳು. ಇಪ್ಪತ್ತೆರಡು ಹೊಸ ನಿಲುವಂಗಿಗಳು ಸಾಲಾಗಿ ನಡೆದು ಬಂದಾಗ ಸೊಸೆ ಪ್ರತಿಯೊಂದರ ಅಂಚನ್ನೂ ಕಣ್ಣಲ್ಲೇ ಅಳೆದಳು. ಗಂಟೆ ಬಡಿಯಿತು, ಆರ್ಗನ್ನು ಗುಡುಗಿತು, ಅಜ್ಜಿಯ ಮೈಯೆಲ್ಲ ರೋಮಾಂಚನವಾಯಿತು. ಆಕೆ ಮುಂದಿನಿಂದ ಮೂರನೆಯ ಬೆಂಚಿನಲ್ಲಿ ಕೂತಿದ್ದಳು. ಅಷ್ಟು ಹತ್ತಿರದಲ್ಲಿ ಬೆಂಚೂ ನಡುಗುತ್ತಿತ್ತು.

ಪ್ರಸಂಗವಾದ ಮೇಲೆ ಮಗ ಚರಿತ್ರೆ ಓದಲು ಎದ್ದ. ಏಳು ಕುಟುಂಬಗಳು, ಜ್ವರ, ಮೊದಲ ಗುಡಿಸಲು ಚರ್ಚು, ಗಂಟೆ ತಂದದ್ದು, ಪಾದ್ರಿಗಳ ಸಾಲು. ಜನ ಆಕಳಿಸುವ ಮೊದಲೇ ಅವನು ಪುಟ ತಿರು‌ವಿದ.

"ತಿದಿ ತುಳಿದವರು," ಎಂದು ಓದಿದ. ಗಂಡನ ಹೆಸರು ಓದಿದ. ಅಜ್ಜಿ ಬೆಂಚಿನ ಅಂಚು ಹಿಡಿದುಕೊಂಡಳು.

"'ಮೂವತ್ತೆರಡು ವರ್ಷ. ಇವರಿಗೆ ಕೊಟ್ಟ ಗಡಿಯಾರದಲ್ಲಿ ಒಂದು ಭಾನುವಾರವೂ ತಪ್ಪಲಿಲ್ಲ ಎಂದಿದೆ. ಹದಿನೇಳು ತಪ್ಪಿದೆ. ಆ ಹದಿನೇಳು ಭಾನುವಾರ ತಿದಿ ತುಳಿದವರು ಇವರ ಹೆಂಡತಿ.'" ಅವನು ನೀರು ಕುಡಿದ. "'ನಾನು ಆಗ ಆಕೆಯ ಹೊಟ್ಟೆಯಲ್ಲಿದ್ದೆ. ನಲವತ್ತೇಳನೆಯ ಹಾಡಿನಲ್ಲಿ ನಮ್ಮ ಸಭೆ ನಿಲ್ಲುವುದು ಆಕೆಗೆ ಉಸಿರು ಬರಲೆಂದು. ಏನೂ ಗೊತ್ತಿಲ್ಲದೆ ಇಡೀ ಸಭೆ ಒಬ್ಬ ಬಸುರಿಗಾಗಿ ಕಾಯಿತು. ನಮ್ಮ ನೂರ ಇಪ್ಪತ್ತೈದು ವರ್ಷಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾವು ಮಾಡಿದ್ದು ನನಗೆ ಯಾವ ರಿಜಿಸ್ಟರಿನಲ್ಲೂ ಸಿಗಲಿಲ್ಲ.'" ಪುಸ್ತಕ ಮುಚ್ಚಿದ. ಮೂಗು ಒರೆಸಿಕೊಂಡ. "ನಲವತ್ತೇಳನೇ ಹಾಡು."

ಚರ್ಚಿನ ತುಂಬ ಗುಸುಗುಸು, ತಿರುಗಿ ನೋಡುವ ತಲೆಗಳು, ಹಿಂದಿನ ಬೆಂಚಿನವರು ಎದ್ದು ನಿಂತು ಹುಡುಕುವುದು. ಅಜ್ಜಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಸೊಸೆ ಆಕೆಯ ಕೈಯನ್ನು ಹಿಡಿದುಕೊಂಡೇ ಇದ್ದಳು. ಅಷ್ಟರಲ್ಲಿ ಆರ್ಗನ್ನು ಶುರುವಾಯಿತು, ನಾನೂರು ಗಂಟಲು ಒಟ್ಟಿಗೆ ತೆರೆದವು. ಒಂದನೆಯ ಸಾಲು. ಎರಡನೆಯದು. ಮೂರನೆಯದು ಏರಿ ಏರಿ ಹೆಂಚಿಗೆ ಮುಟ್ಟಿತು.

ಮೊಮ್ಮಗಳು ಕೈ ಎತ್ತಿದಳು. ಎಲ್ಲ ನಿಂತಿತು.

ಅಜ್ಜಿ ಅಭ್ಯಾಸದಂತೆ ಮನಸ್ಸಿನಲ್ಲಿ ಐದು ಎಣಿಸಿದಳು. ಆರ್ಗನ್ನು ಬರಲಿಲ್ಲ. ಏಳಾಯಿತು, ಎಂಟಾಯಿತು, ಹತ್ತಾಯಿತು. ಮೋಟಾರು ಕೆಟ್ಟಿತೇ, ಆ ಮೂಲೆ ಸೋರಿತೇ ಎಂದು ಗಾಬರಿಯಿಂದ ಕತ್ತೆತ್ತಿದರೆ, ಮೊಮ್ಮಗಳು ಬೆಂಚಿನ ಮೇಲೆ ಪೂರ್ತಿ ತಿರುಗಿ ಕೂತು, ಎರಡೂ ಕೈ ಗಾಳಿಯಲ್ಲಿ ಹಿಡಿದು, ಇವಳನ್ನೇ ನೋಡುತ್ತಿದ್ದಳು. ಪ್ರಸಂಗಪೀಠದ ಪಕ್ಕದಲ್ಲಿ ನಿಂತ ಮಗನೂ ಇವಳನ್ನೇ ನೋಡುತ್ತಿದ್ದ. ಪಾದ್ರಿಗಳು, ನಿಲುವಂಗಿಯವರು, ಕಿಟಕಿಯ ತಲೆಗಳು, ನಾನೂರು ಜನವೂ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು.

ಅಜ್ಜಿಗೆ ಅರ್ಥವಾಗಲು ಇನ್ನೂ ಒಂದು ಉಸಿರು ಬೇಕಾಯಿತು. ಆಮೇಲೆ ಮುಂದಿನ ಬೆಂಚು ಹಿಡಿದುಕೊಂಡು ಎದ್ದು ನಿಂತಳು.

"ಸಾಕು ಕಣೇ, ಉಸಿರು ಬಂತು!" ಎಂದು ಕೂಗಿದಳು. "ಹಾಡಿ ಎಲ್ಲರೂ!"

ನಾಲ್ಕನೆಯ ಸಾಲನ್ನು ಎಲ್ಲರಿಗಿಂತ ಮೊದಲು ಎತ್ತಿಕೊಂಡವಳು ಅವಳೇ.